ಅಮಾವಾಸ್ಯೆಯ ದಾಡಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕೆಲಸ ನನ್ನೊಬ್ಬನದೇ ಆಗಿತ್ತು. ಬೆಳಿಗ್ಗೆ ಅಪ್ಪ ದಾಡಿ ಮಾಡಿಕೊಳ್ಳುವಾಗ ಸೋಪಿನ ನೊರೆ ಎಬ್ಬಿಸಿ ಕೊಡುವುದು. ನಾವಿದ್ದದ್ದು ಪುಣೆಯ ಹತ್ತಿರ ದೇಹೂ ರೋಡಿನಲ್ಲಿ. ಅಪ್ಪ ಅಲ್ಲಿ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತರು. ಗಡ್ಡ ಬಿಟ್ಟ ಮುಖ ಅವರ ಆಫೀಸಿನಲ್ಲಿ ನಡೆಯುತ್ತಿರಲಿಲ್ಲ. ಆದರೆ ಅವರ ಚರ್ಮ ಬಹಳ ನಾಜೂಕು, ಸ್ವಲ್ಪ ಅವಸರ ಮಾಡಿದರೂ ಕೊರಳ ತುಂಬ ಕೆಂಪು ಗುಳ್ಳೆ ಏಳುತ್ತಿದ್ದವು.

ಅದಕ್ಕೇ ಅಪ್ಪ ಮೊದಲು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕೂರುತ್ತಿದ್ದರು. ಅಷ್ಟರಲ್ಲಿ ನಾನು ಬಟ್ಟಲಿನಲ್ಲಿ ಬ್ರಶ್ಶು ತಿರುಗಿಸಿ ತಿರುಗಿಸಿ ನೊರೆಯನ್ನು ಮೊಸರಿನಷ್ಟು ಗಟ್ಟಿ ಮಾಡಬೇಕು. ಗಂಧದ ಆ ಸೋಪಿನ ವಾಸನೆ ಶಾಲೆಯಲ್ಲಿಯೂ ನನ್ನ ಬೆರಳಲ್ಲಿ ಇರುತ್ತಿತ್ತು. “ನೊರಿ ಅಂದ್ರ ಇದು ನೋಡು,” ಎಂದು ಅಪ್ಪ ಅಂದರೆ ನನಗೆ ಅವತ್ತು ಹಸಿವೆಯೇ ಆಗುತ್ತಿರಲಿಲ್ಲ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅವನ ಗಲ್ಲದ ಮೇಲೆ ಕೂದಲು ಕಾಣಿಸಿಕೊಂಡಾಗ, ಸೋಮವಾರ ದಾಡಿ ಕಲಿಸುತ್ತೇನೆಂದು ಅಪ್ಪ ಹೇಳಿದರು. ಹಿಂದಿನ ದಿನ ಭಾನುವಾರ ಅಮಾವಾಸ್ಯೆ. ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಯಾರೂ ಬ್ಲೇಡು ಮುಟ್ಟುವಂತಿರಲಿಲ್ಲ. ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಅಪ್ಪ ಊರಿಗೆ ಹೊರಟಿದ್ದ ಕಾಕಾನನ್ನು ಬಸ್ಸು ಹತ್ತಿಸಲು ಸ್ವಾರಗೇಟಕ್ಕೆ ಹೋಗಿದ್ದರು.

“ಬಾರೋ, ನಿನಗ ದಾಡಿ ಕಲಿಸ್ತೀನಿ,” ಎಂದು ಅಣ್ಣ ನನ್ನನ್ನು ಹಿತ್ತಲಿಗೆ ಕರೆದ.

“ಇವತ್ತ ಅಮಾಸಿ ಅಲ್ಲೇನು?”

“ಅಮಾಸಿ ಗಡ್ಡ ಇದ್ದವ್ರಿಗೆ. ನಿನಗೆಲ್ಲಿ ಅದ ಗಡ್ಡ?”

ಈ ಮಾತು ನನಗೆ ಬಹಳ ನ್ಯಾಯವಾಗಿ ಕಂಡಿತು. ದಡ್ಡ ನಾನು, ನೊರೆಯನ್ನೂ ನಾನೇ ಮಾಡಿಕೊಟ್ಟೆ. ಎಡಗಲ್ಲದ ಮೇಲೆ ಅವನು ಅಪ್ಪನ ರೇಜರನ್ನು ಮೇಲಿನಿಂದ ಕೆಳಗೆ ಹಗುರವಾಗಿ ಎಳೆದ. ಹಿತವಾಗಿಯೇ ಇತ್ತು. ಬಲಗಲ್ಲಕ್ಕೆ ಬಂದಾಗ ನೊರೆ ಒರೆಸಿಹಾಕಿ, ಒತ್ತಿ ಹಿಡಿದು, ದವಡೆಯಿಂದ ಕಿವಿಯವರೆಗೆ ಮೇಲಕ್ಕೆ ಕೆರೆದ. ಹಸಿಖಾರ ಹಚ್ಚಿದಂತೆ ಉರಿಯಿತು. ನಾನು ಅಳುತ್ತಿದ್ದರೆ ಅವನು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಗಲ್ಲ ನೋಡಿದ.

“ಕೆಳಗ ಎಳದ್ರ ಏನೂ ಆಗೂದಿಲ್ಲ. ಮ್ಯಾಲ ಎಳದ್ರ ಉರೀತದ. ತಿಳೀತು.”

ನನಗೂ ತಿಳಿಯಿತು. ಮೊಡವೆ ತುಂಬಿದ ತನ್ನ ಮುಖಕ್ಕೆ ಬ್ಲೇಡು ತಾಗಿಸಲು ಅವನಿಗೆ ಹೆದರಿಕೆ. ನನಗೆ ಕಲಿಸುವ ಮನಸ್ಸು ಅವನಿಗೆ ಒಂದು ಚೂರೂ ಇರಲಿಲ್ಲ.

ಅಪ್ಪ ಬಂದವರೇ ತೆರೆದಿದ್ದ ದಾಡಿ ಪೆಟ್ಟಿಗೆ ನೋಡಿದರು, ನನ್ನ ಗಲ್ಲ ನೋಡಿದರು. ಕೇಳುವ ಮೊದಲೇ ಅಣ್ಣ ಹೇಳಿದ, “ಅಂವ ಕದ್ದು ಮಾಡ್ಕೊಂಡಾನ್ರಿ ಅಪ್ಪಾ. ನಾ ಬ್ಯಾಡ ಅಂದೆ, ಕೇಳಲಿಲ್ಲ.”

ನಾನು ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನದು ಅವತ್ತು ಹಿತ್ತಾಳೆ ಕಿವಿ. ಅವರು ಹೊಡೆಯಲಿಲ್ಲ. ತಣ್ಣೀರಿನಿಂದ ಗಲ್ಲ ತೊಳೆದು, ಪಟಿಕದ ತುಂಡನ್ನು ಮೆಲ್ಲಗೆ ಸವರಿದರು. ಆಮೇಲೆ, “ನಾಳಿಂದ ನೊರಿ ನಿಮ್ಮಣ್ಣ ಮಾಡ್ತಾನ. ನೀ ಪೆಟ್ಟಿಗಿ ಮುಟ್ಟಬ್ಯಾಡ,” ಎಂದರು. ಎರಡು ಏಟು ಕೊಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಸೋಮವಾರ ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಕೈ ಹಗುರ ಇರಲಿ, ರೇಜರಿನ ಭಾರವೇ ಸಾಕು, ನೊರೆ ಇಲ್ಲದ ಕಡೆ ಮತ್ತೆ ಎಳೆಯಬೇಡ ಎಂದು ಅಪ್ಪ ಹೇಳಿಕೊಡುತ್ತಿದ್ದರು. ಕೂದಲು ಮಲಗಿದ ಕಡೆಗೇ ಎಳೆಯಬೇಕೆಂದು ಅಣ್ಣನಿಗೆ ಹೇಳಬೇಕಾಗಲೇ ಇಲ್ಲ. ಒಂದು ಗೀರೂ ಬೀಳಲಿಲ್ಲ. “ಭಾಳ ಶಾಣ್ಯಾ ಅದೀ,” ಎಂದು ಅಪ್ಪ ಅವನ ಬೆನ್ನು ತಟ್ಟಿದರು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಏನೆಂದು ನಾನು ಹತ್ತನೆಯ ವಯಸ್ಸಿಗೇ ಕಲಿತೆ. ದಾಡಿ ಕಲಿತದ್ದು ಆಮೇಲೆ, ಯಾರೂ ಹೇಳಿಕೊಡದೆ.

ಈಗ ಪುಣೆಯ ಖರಾಡಿಯಲ್ಲಿರುವ ನಮ್ಮ ಹನ್ನೊಂದನೆಯ ಮಹಡಿಯ ಮನೆಯಲ್ಲಿ ನನ್ನ ದೊಡ್ಡ ಮೊಮ್ಮಗ ಮೊಬೈಲನ್ನು ಕನ್ನಡಿಗೆ ಒರಗಿಸಿಟ್ಟು, ಅದರಲ್ಲಿ ಯಾರೋ ಹೇಳಿದಂತೆ ದಾಡಿ ಮಾಡಿಕೊಳ್ಳುತ್ತಾನೆ. ಮುಖ ಉರಿದರೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ನೋಡುತ್ತಾನೆ. ಸಿಟ್ಟಿಲ್ಲ, ಸೆಡವಿಲ್ಲ. ನಿಮ್ಮ ಕಾಲ ಒಳ್ಳೆಯದು, ಮಕ್ಕಳೇ. ಗುರುತಿಲ್ಲದವನು ತಪ್ಪು ಹೇಳಿಕೊಟ್ಟರೆ ಗಲ್ಲವಷ್ಟೇ ಉರಿಯುತ್ತದೆ. ನನಗಿದ್ದವನು ಒಬ್ಬನೇ ಅಣ್ಣ.

ಮೊನ್ನೆ ಅವನು ಫೋನಿನಲ್ಲಿ ಏನೋ ಮಾತಾಡುತ್ತ, “ಆ ಅಮಾಸಿ ದಿನ ತಪ್ಪು ನಂದ ಇತ್ತು ಬಿಡಪಾ,” ಎಂದು ನಕ್ಕ. ಅದನ್ನು ಕೇಳಬೇಕಾಗಿದ್ದ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು.