ಈಚೆ ದಂಡೆಯಲ್ಲಿ ಸಿಕ್ಕವನು

ಶಶಿಕಲಾಗೆ ಕೇಳುವ ಚಟ. ಅರಕೇರಾದ ಶಾಲೆಯಲ್ಲಿ ಪಾಠ ಮುಗಿದ ಮೇಲೂ ಎದ್ದು ನಿಂತು, “ಆಮ್ಯಾಲೆ ಏನಾತ್ರೀ ಸರ?” ಎನ್ನುತ್ತಿದ್ದ ಹುಡುಗಿ ಅವಳು. ಕೂಲಿಗೆ ಹೋಗುತ್ತಿದ್ದ ಅವ್ವ, “ಇಕಿ ಬಾಯಿಗೆ ಬೀಗ ಹಾಕ್ರಿ” ಎಂದು ನಗುತ್ತಲೇ ಎಂ.ಎ.ವರೆಗೆ ಓದಿಸಿದಳು. ನಲವತ್ತು ಹತ್ತಿರ ಬಂದರೂ ಚಟ ಹೋಗಿಲ್ಲ. ರಾಯಚೂರಿನಲ್ಲಿ ಈಗ ಅದೇ ಅವಳ ಕೆಲಸ.

ಕೆಲಸ ಕೊಟ್ಟವರು ವಿಶ್ವೇಶ ಮಾಸ್ತರರು, ನಿವೃತ್ತ ಇತಿಹಾಸದ ಅಧ್ಯಾಪಕರು. ಐವತ್ತು ವರ್ಷದ ಹಿಂದೆ ಮಾನ್ವಿ, ದೇವದುರ್ಗದ ದಾರಿಗಳಲ್ಲಿ ಒಬ್ಬ ಕೊಲೆಗಾರ ಓಡಾಡಿದ್ದ. ಸುಗ್ಗಿ ಮುಗಿಸಿ ಊರಿಗೆ ಹೊರಟ ಕೂಲಿಯವರ ಜೊತೆ ಸೇರಿಕೊಂಡು, ಮರದ ನೆರಳಲ್ಲಿ ಬುತ್ತಿ ಬಿಚ್ಚಿ, “ಬರ್ರಿ, ಉಣ್ಣೂಣು” ಎಂದು ಕರೆಯುತ್ತಿದ್ದ. ದಾರಿಯಲ್ಲಿ ಬಿಚ್ಚಿದ ಬುತ್ತಿಗೆ ಬೇಡ ಎನ್ನುವ ರೂಢಿ ಈ ಕಡೆ ಇಲ್ಲ. ಉಂಡವರು ಮತ್ತೆ ಏಳಲಿಲ್ಲ. ಜನ ಅವನನ್ನು ‘ಬುತ್ತಿಯವ’ ಎಂದೇ ಕರೆದರು. ಆ ಪ್ರಕರಣದ ಕಾಗದ, ಫೋಟೊ, ಜನರ ನೆನಪು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಯಾರು ಬೇಕಾದರೂ ನೋಡುವಂಥ ಡಿಜಿಟಲ್ ಸಂಗ್ರಹ ಮಾಡಬೇಕೆಂಬುದು ಮಾಸ್ತರರ ಹಂಬಲ.

ಶಶಿಕಲಾಗೆ ಮೊದಲ ವಾರವೇ ಸಿಟ್ಟು ಬಂತು. ಬುತ್ತಿಯವನ ಊರು, ಉಡುಪು, ಮೀಸೆ, ಜೈಲಿನಲ್ಲಿ ಅವನು ಬೇಡಿದ ಬೀಡಿ, ಎಲ್ಲದರ ವಿವರವೂ ಇತ್ತು. ಸತ್ತವರಿಗೆ ಒಂದೊಂದೇ ಸಾಲು. ಅದರಲ್ಲೂ ಒಬ್ಬನಿಗೆ ಊರೇ ಇರಲಿಲ್ಲ. ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಅವನ ಹೆಣ ಸಿಕ್ಕಿತ್ತು. ಹೊಳೆ ದಾಟಿಸಿದ ಹರಗೋಲಿನವನಿಗೆ ಹೆಸರಷ್ಟೇ ಗೊತ್ತಿತ್ತು, ಹಂಪಯ್ಯ. ಸೊಂಟದಲ್ಲಿದ್ದ ಎಲೆ ಅಡಿಕೆಯ ಸಂಚಿಯ ಫೋಟೊ ಉಳಿದಿತ್ತು. ಸಂಚಿಯ ಮೇಲೆ ದಾರದಲ್ಲಿ ಹೊಲಿದ, ಬಾಲವೇ ಇಲ್ಲದ ಒಂದು ಹಕ್ಕಿ.

“ಊರಿಲ್ಲದ ಮನುಷ್ಯಾ ಇರತಾನೇನ್ರೀ ಸರ?”

“ಹುಡುಕಮ್ಮಾ. ಆದ್ರ ಖಾತ್ರಿ ಆಗೂತನಕ ಯಾರ ಮನ್ಯಾಗೂ ಸಾವಿನ ಸುದ್ದಿ ಹೇಳಬ್ಯಾಡ” ಎಂದರು ಮಾಸ್ತರರು.

ಆ ವರ್ಷ ಕಾಣೆಯಾದವರೆಂದು ದೂರು ಬಂದವರಲ್ಲಿ ಹಂಪಯ್ಯ ಎಂಬವನಿರಲಿಲ್ಲ. ಕೊನೆಗೂ ಸಿಗದೇ ಹೋದವನು ಒಬ್ಬನೇ, ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನ ವಿರೂಪಾಕ್ಷಪ್ಪ. ದೂರು ಕೊಟ್ಟವಳು ಹೆಂಡತಿ ವೆಂಕಮ್ಮ. ಹೆಸರು ಬೇರೆ, ತಾಲೂಕು ಬೇರೆ. ಇನ್ನೊಬ್ಬರಾಗಿದ್ದರೆ ಕೈಬಿಡುತ್ತಿದ್ದರು. ಶಶಿಕಲಾ ಮಾನ್ವಿ ಬಸ್ಸು ಹತ್ತಿದಳು.

ಊರಿನ ಹಿರಿಯರು ಅಡ್ಡಡ್ಡ ತಲೆಯಾಡಿಸಿದರು. ವಿರೂಪಾಕ್ಷಪ್ಪ ಎಂಬವನು ಆ ಊರಲ್ಲಿ ಹುಟ್ಟಿಯೇ ಇರಲಿಲ್ಲವಂತೆ. ಆದರೆ ವೆಂಕಮ್ಮ ಇದ್ದಳು. ಅವಳ ಗಂಡ ಹೊಳೆಯಾಚೆ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಓಣಿಯೆಲ್ಲ ಆಡಿಕೊಂಡಿತ್ತು. ಗಂಡ ಬಿಟ್ಟ ವೆಂಕಮ್ಮ ಎಂದರೆ ಈಗಲೂ ಯಾರಾದರೂ ಮನೆ ತೋರಿಸುತ್ತಾರೆ.

ಮುದುಕಿ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ.

“ಯವ್ವಾ, ವಿರೂಪಾಕ್ಷಪ್ಪ ಅಂದ್ರ ಯಾರ್ರೀ?”

“ಯಾರೋ ಏನೋ. ನಮ್ಮ ಓಣ್ಯಾಗ ಇಲ್ಲಬೇ.”

“ನಿಮ್ಮ ಯಜಮಾನ್ರ ಹೆಸರು ಅಂತ ಮಾನ್ವಿ ಠಾಣೆದಾಗ ನೀವ ಬರಿಸೀರಲ್ಲ?”

ವೆಂಕಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. “ಗಂಡನ ಹೆಸರು ಬಾಯಿ ಬಿಟ್ಟು ಹೆಂಗ ಹೇಳ್ಲೆವ್ವಾ? ಪೊಲೀಸಪ್ಪ ಬಿಡವಲ್ಲ. ಹಂಪಿ ದಿಕ್ಕಿಗೆ ಕೈ ಮಾಡಿ, ಅಲ್ಲಿ ದೇವರನ್ನ ನೆನಸಿ ಇಟ್ಟ ಹೆಸರು ಅಂದೆ. ಅಂವಾ ಭಾಳ ಶಾಣ್ಯಾ, ತಾನ ಏನೋ ಬರಕೊಂಡು ನನ್ನ ಹೆಬ್ಬಟ್ಟು ಒತ್ತಿಸಿಕೊಂಡ.”

ಶಶಿಕಲಾಗೆ ಈಗ ತಿಳಿಯಿತು. ಕೈ ತೋರಿಸಿದ್ದು ಊರಿಗೆ, ಬರೆದುಕೊಂಡದ್ದು ದೇವರ ಹೆಸರು. ದೇವದುರ್ಗದಲ್ಲಿ ಹಂಪಯ್ಯನ ಹೆಣ, ಮಾನ್ವಿಯಲ್ಲಿ ವಿರೂಪಾಕ್ಷಪ್ಪನ ದೂರು. ಎರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ. ಆದರೂ ಮಾಸ್ತರರ ಮಾತು ನೆನಪಾಗಿ, ಹೋಗುವಾಗ ಗಂಡ ಏನು ಒಯ್ದಿದ್ದ ಎಂದು ಕೇಳಿದಳು.

“ಎಲಿ ಸಂಚಿ. ನಾನ ಗಿಳಿ ಹೊಲಿದು ಕೊಟ್ಟಿದ್ದೆ. ದಾರ ಸಾಲಲಿಲ್ಲ, ಬಾಲ ಹಂಗ ಉಳೀತು. ಬಂದ ಮ್ಯಾಲೆ ಹಾಕಿಕೊಡು ಅಂದಿದ್ರು.”

ಇನ್ನು ಹೇಳಲೇಬೇಕಿತ್ತು. ಹೇಳಿದರೆ ಆ ಕುಂಕುಮ, ಆ ಬಳೆಗಳ ಗತಿಯೇನು? ಶಶಿಕಲಾಗೆ ತನ್ನ ಚಟದ ಮೇಲೆ ಮೊದಲ ಸಲ ಹೇಸಿಗೆಯಾಯಿತು. ಫೋನಿನಲ್ಲಿದ್ದ ಸಂಚಿಯ ಫೋಟೊ ಮುಂದೆ ಹಿಡಿದು, ಬುತ್ತಿಯವನ ಸುದ್ದಿಯನ್ನು, ಗೂಗಲ್ ದಂಡೆಯಲ್ಲಿ ಆದದ್ದನ್ನು, ಠಾಣೆಯ ಕಾಗದದಲ್ಲಿ ಹೆಸರು ತಪ್ಪಿದ್ದನ್ನು ಮೆಲ್ಲಗೆ ಹೇಳಿದಳು.

ವೆಂಕಮ್ಮ ಬಹಳ ಹೊತ್ತು ಗಿಳಿಯನ್ನೇ ನೋಡಿದಳು. ಅಳಲಿಲ್ಲ.

“ಹೊಳಿ ಆಚಿ ದಂಡಿಗೆ ಸಿಕ್ಕಿದ್ರೋ, ಈಚಿ ದಂಡಿಗೋ?”

“ಈಚಿ ದಂಡಿಗೆ, ಯವ್ವಾ. ಹೊಳಿ ದಾಟಿದ್ರು.”

“ಹಂಗಾರ ಮನಿಗೆ ಬರಾಕತ್ತಿದ್ರು.”

ಈ ಮಾತಿಗೆ ಶಶಿಕಲಾಗೇ ಅಳು ಬಂತು. ಸಂಗ್ರಹದಲ್ಲಿ ತಿದ್ದಲು ಹೆಸರು ಆಕೆಯ ಬಾಯಿಂದಲೇ ಬರಬೇಕಿತ್ತು. ಕೇಳುವ ಚಟದವಳಿಗೆ ಈಗ ಕೇಳಲು ನಾಲಿಗೆಯೇ ಏಳಲಿಲ್ಲ. ಅವಳು ಧ್ವನಿಮುದ್ರಣ ಒತ್ತಿ, ಫೋನನ್ನು ಕಟ್ಟೆಯ ಮೇಲೆ ಮುದುಕಿಯ ಹತ್ತಿರ ಇಟ್ಟಳು.

ವೆಂಕಮ್ಮ ಸೆರಗು ಸರಿಮಾಡಿಕೊಂಡು ಅದರತ್ತ ಬಾಗಿದಳು. “ಹಂಪಯ್ಯ” ಎಂದಳು, ತನಗೇ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಆಮೇಲೆ ಗೋಡೆ ಹಿಡಿದು ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದಳು.