ದೂರ ಹಾರಿದ ನೀರು

ಮಾರಂಡಹಳ್ಳಿಯ ತವರಿಗೆ ಹೋದರೆ ಬೆಳಗಿನ ಕೆಲಸ ತಾನಾಗಿಯೇ ಕೈಗೆ ಬರುತ್ತದೆ. ಆ ದಿನವೂ ಹಿತ್ತಿಲ ಮೆಟ್ಟಿಲು ತೊಳೆದೆ, ಹಾಲು ಕಾಯಿಸಿದೆ, ಸೇಲಂನಲ್ಲಿದ್ದ ನಮ್ಮವರಿಗೆ ಫೋನ್ ಮಾಡಿ ಮಾತ್ರೆ ನೆನಪಿಸಿದೆ. ಅಮ್ಮ ರಾಗಿ ಹಿಟ್ಟು ಕದಡುತ್ತಿದ್ದಳು. ತಮ್ಮ ಟೊಮೇಟೊ ಕ್ರೇಟುಗಳನ್ನು ಹೇರಿಕೊಂಡು ಆಗಲೇ ಮಂಡಿಗೆ ಹೊರಟಿದ್ದ.

ಹೋಗುವಾಗ ನನಗೊಂದು ಕೆಲಸ ಒಪ್ಪಿಸಿದ್ದ. ಸುಟ್ಟುಹೋಗಿದ್ದ ಬಾವಿಯ ಮೋಟಾರಿಗೆ ಮೆಕ್ಯಾನಿಕ್ ಹೊಸ ಕಾಯಿಲ್ ಸುತ್ತಿ, ಹಿಂದಿನ ಮಧ್ಯಾಹ್ನ ಕೂರಿಸಿ ಹೋಗಿದ್ದ. ಬೆಳಿಗ್ಗೆ ಬಂದು ಓಡಿಸಿ ತೋರಿಸುತ್ತಾನೆ, ನೀರು ಮೊದಲಿನಷ್ಟೇ ಬರುತ್ತದೆಯೇ ನೋಡು ಎಂದಿದ್ದ ತಮ್ಮ. ಸರಿಯಿದ್ದರೆ ದೊಡ್ಡಪ್ಪನ ಮಕ್ಕಳ ಮೂರು ಮೋಟಾರುಗಳ ಕೆಲಸವೂ ಆ ಮೆಕ್ಯಾನಿಕ್ಕಿಗೇ ಸಿಗುವುದಿತ್ತು.

ಬಂದವನು ನನಗೇಕೋ ಹಿಡಿಸಲಿಲ್ಲ. ಮಾತಾಡುವಾಗ ಸ್ವಿಚ್ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದ. ಸ್ವಿಚ್ ಒತ್ತಿದ ಕೂಡಲೇ ಅಡ್ಡ ಪೈಪಿನಿಂದ ನೀರು ಚಿಮ್ಮಿ, ಕೆಳಗಿನ ಚಪ್ಪಡಿಯ ಆಚೆ ತುದಿಯಲ್ಲಿ ಬಿತ್ತು.

“ಎಂಗ್ ಎಗರ್ತೈತೆ ನೋಡಿ ಅಕ್ಕ. ಮುಂಚೆ ಇಂಗಿತ್ತಾ?”

ಇರಲಿಲ್ಲ. ಚಪ್ಪಡಿಯೇ ಅದಕ್ಕೆ ಸಾಕ್ಷಿ. ವರ್ಷಗಟ್ಟಲೆ ನೀರು ಬಿದ್ದು ಸವೆದ ಬಿಳಿ ಗುಳಿ ಇನ್ನೂ ಈಚೆಗಿತ್ತು, ಸುತ್ತ ಪಾಚಿ. ಹಳೆಯ ಮೋಟಾರು ರಿಪೇರಿಯಾದರೆ ಹೊಸದಕ್ಕಿಂತ ಜೋರಾಗುತ್ತದೆಯೇ?

ಹೊಲಿಗೆ ಡಬ್ಬಿಯ ಟೇಪು ತಂದು ಅಳೆದೆ. ಪೈಪು ಚಪ್ಪಡಿಯಿಂದ ಎರಡಡಿ ಎತ್ತರ. ಗುಳಿ ಎರಡಡಿ ದೂರ, ಈಗ ನೀರು ಬೀಳುವುದು ನಾಲ್ಕಡಿಗೆ. ಕಾನ್ವೆಂಟಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಸಿಸ್ಟರ್, ಹರಿಯುವ ನೀರಿನ ವೇಗವನ್ನು ಎತ್ತರವಾಗಿಯೂ ಹೇಳಬಹುದು ಎನ್ನುತ್ತಿದ್ದರು. ಅದೇ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಚಿಮ್ಮಿದರೆ ಎಷ್ಟು ಏರುತ್ತದೋ ಅದೇ ವೆಲಾಸಿಟಿ ಹೆಡ್. ಅಡ್ಡ ಪೈಪಾದರೆ ಇನ್ನೂ ಸುಲಭ: ದೂರದ ವರ್ಗವನ್ನು, ಬೀಳುವ ಎತ್ತರದ ನಾಲ್ಕರಷ್ಟರಿಂದ ಭಾಗಿಸಬೇಕು. ಎರಡೆರಡಲ ನಾಲ್ಕು, ಎಂಟರಿಂದ ಭಾಗಿಸಿದರೆ ಅರ್ಧ ಅಡಿ. ಅದು ಮೊದಲಿನದು. ನಾಲ್ಕುನಾಲ್ಕಲ ಹದಿನಾರು, ಎಂಟರಿಂದ ಭಾಗಿಸಿದರೆ ಎರಡಡಿ. ನಾಲ್ಕು ಪಟ್ಟು!

ಬಗ್ಗಿ ನೋಡಿದೆ. ಎರಡಿಂಚಿನ ಕಪ್ಪು ಪೈಪಿನ ತುದಿಗೆ ಬೂದು ಬಣ್ಣದ ತುಂಡೊಂದು ಸಿಕ್ಕಿಸಿತ್ತು, ಅದರ ಬಾಯಿ ಒಂದೇ ಇಂಚು. ವೇಗ ಎರಡು ಪಟ್ಟಾಗಿದೆ, ಬಾಯಿ ಕಾಲು ಭಾಗವಾಗಿದೆ. ಅಂದರೆ ಬರುತ್ತಿರುವುದು ಅರ್ಧ ನೀರು. ಔಷಧಿ ಕಲಸುವ ಬಾನಿ ಇಡಿಸಿದೆ. ಅಮ್ಮ ಮೂವತ್ತು ಎಣಿಸುವಷ್ಟರಲ್ಲಿ ತುಂಬುತ್ತಿದ್ದದ್ದು ಅಂದು ಅರವತ್ತಕ್ಕೆ ತುಂಬಿತು.

ಸೋತ ಮೋಟಾರನ್ನು ಮುಚ್ಚಿಡಲು ಮಾಡಿದ ಉಪಾಯ ಎಂದು ನನಗೆ ಖಾತ್ರಿಯಾಯಿತು. ದನಿ ಏರಿಸುವ ಅಭ್ಯಾಸ ನನಗಿಲ್ಲ, ಇದನ್ನೇಕೆ ಹಾಕಿದೆ ಎಂದು ಮೆಲ್ಲಗೇ ಕೇಳಿದೆ.

“ನಾ ಆಕಿಲ್ಲಕ್ಕ. ನೆನ್ನೆ ನಾ ಓಗೋವಾಗ ಇದು ಇರ್ನೇ ಇಲ್ಲ.”

“ಹಂಗಾದ್ರೆ ತಾನಾಗೇ ಮೊಳೀತಾ?”

ಕಿತ್ತು ಓಡಿಸಿ ತೋರಿಸುತ್ತೇನೆಂದು ಅವನು ಸ್ಪ್ಯಾನರ್ ಹುಡುಕುವಷ್ಟರಲ್ಲಿ ತ್ರೀ ಫೇಸ್ ಕರೆಂಟು ಹೋಯಿತು. ಅದು ಹೋಗುವ ಹೊತ್ತು ಅವನಿಗೆ ಮೊದಲೇ ಗೊತ್ತಿತ್ತೇನೋ ಎಂದೂ ಅನಿಸಿತು. ಓದಿದ ಮಗಳ ಮುಂದೆ ಸುಳ್ಳು ಹೇಳಬೇಡಪ್ಪ ಎಂದಳು ಅಮ್ಮ. ಅವನು ಚೀಲ ಕಟ್ಟಿಕೊಂಡ.

“ಓದಿರೋರು ಅಳ್ದು ಏಳ್ತಾವ್ರೆ. ನಾ ಏನ್ ಏಳ್ಲಿ, ಬುಡಿ, ವುಡುಂಗಮ್ಮಾ.”

ತಮ್ಮನಿಗೆ ಫೋನಿನಲ್ಲಿ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಅಕ್ಕ ಇಲ್ಲದಿದ್ದರೆ ಮೋಸ ಹೋಗುತ್ತಿದ್ದೆವೆಂದು ಅವನು ಹಿಗ್ಗಿದ, ಮಂಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದ. ಮಧ್ಯಾಹ್ನದೊಳಗೆ ದೊಡ್ಡಪ್ಪನ ಮಕ್ಕಳು ತಮ್ಮ ಮೂರೂ ಮೋಟಾರುಗಳನ್ನು ಪಾಲಕ್ಕೋಡಿನ ಬೇರೊಬ್ಬ ಮೆಕ್ಯಾನಿಕ್ಕಿಗೆ ಕೊಟ್ಟುಬಿಟ್ಟಿದ್ದರು.

ಸಂಜೆ ಪಕ್ಕದ ಹೊಲದವನು ಟ್ರಾಕ್ಟರು ನಿಲ್ಲಿಸಿ, ಇಳಿಯದೆಯೇ ಕೂಗಿದ.

“ಅಕ್ಕ, ನಿಮ್ ಪೈಪ್ ಬಾಯಲ್ಲಿ ನಮ್ದೊಂದು ಬೂದು ರೆಡ್ಯೂಸರ್ ಐತೆ, ಎತ್ಕಂಡೋಗ್ತೀನಿ. ನೆನ್ನೆ ಸಾಯಂಕಾಲ ಗಾಡಿ ತೊಳ್ದು ಬಿಚ್ಚಕ್ಕೆ ಮರ್ತೋದೆ. ಪರವಾಯಿಲ್ಲ, ಅದು ಆಕೋ ಮುಂಚೆ ನೀರು ಮೊದ್ಲಷ್ಟೇ ಬರ್ತಿತ್ತು, ಮೋಟಾರ್ ಚೆನ್ನಾಗೇ ಸುತ್ತವ್ನೆ.”