ಮನಸ್ಸು ಓದುವ ಸೊಸೆ

ನನ್ನ ಗಂಡನಿಗೆ ಕುರಕುಂಭದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ ನಾವು ಧಾರವಾಡ ಬಿಟ್ಟು ಪುಣೆ ಜಿಲ್ಲೆಯ ಆ ಕಬ್ಬಿನ ಹಳ್ಳಿಗೆ ಬಂದೆವು. ರೈತರೊಬ್ಬರ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಬಾಗಿಲು ಬೇರೆ ಇತ್ತು ಅನ್ನುವುದು ಹೆಸರಿಗೆ ಮಾತ್ರ. ನನ್ನ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಓಣಿಯ ಹೆಂಗಸರಿಗೆಲ್ಲ ಗೊತ್ತಿರುತ್ತಿತ್ತು. ಮನೆಯ ಯಜಮಾನಿ, ಎಲ್ಲರೂ ‘ಆಜಿ’ ಎಂದು ಕರೆಯುವ ಅಜ್ಜಿಯಂತೂ ಮುಚ್ಚಳ ತೆಗೆದು ರುಚಿ ನೋಡಿ, ಉಪ್ಪು ಕಡಿಮೆಯಾಗಿದ್ದರೆ ತಾನೇ ಹಾಕಿ ಹೋಗುತ್ತಿದ್ದಳು.

ಚಳಿಗಾಲ ಬಂತೆಂದರೆ ಪುಣೆಯ ಹಡಪಸರದ ಕಡೆಯ ಆಫೀಸಿನ ಮಂದಿ ರವಿವಾರ ಕಾರು ತುಂಬಿಕೊಂಡು ಹುರಡಾ ತಿನ್ನಲು ಬರುತ್ತಾರೆ. ಹುರಡಾ ಅಂದರೆ ನಮ್ಮ ಸೀತನಿಯೇ. ಜೋಳದ ಹಸಿ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿದ ಬಿಸಿ ಕಾಳು. ಮನೆಗೆ ಅಂಟಿಕೊಂಡೇ ಇದ್ದ ಆಜಿಯ ಹೊಲದಲ್ಲೂ ಅದರ ಏರ್ಪಾಡಿತ್ತು. ತೆನೆ ಅವಳದು, ಕುಳ್ಳು ಪಕ್ಕದ ಮನೆಯದು, ಮೊಸರು ಎದುರು ಮನೆಯದು. ಬಡಿಸಲು ಓಣಿಗೆ ಓಣಿಯೇ ಹಾಜರು.

ಒಂದು ರವಿವಾರ, ರೊಟ್ಟಿ ಬಡಿಯಬೇಕಿದ್ದ ಆಜಿಯ ಸೊಸೆ ತವರಿಗೆ ಹೋಗಿದ್ದಳು. ಆಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವತ್ತು ನೀನೇ ನನ್ನ ಸೊಸೆ. ಬಾಯಿ ಮಾತ್ರ ತೆರೀಬೇಡ. ನಿನ್ನ ಮರಾಠಿ ಕೇಳಿದರೆ ಬಂದವರು ಎದ್ದು ಹೋದಾರು” ಎಂದಳು. ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಡಿಸಿ, ಹಣೆಗೆ ಕಾಸಗಲ ಕುಂಕುಮ ಹಚ್ಚಿ ಒಲೆಯ ಮುಂದೆ ಕೂರಿಸಿದಳು.

ಗಂಡ ಹೆಂಡತಿಯರ ಒಂದು ಜೋಡಿ ನನ್ನ ಹತ್ತಿರವೇ ಚಾಪೆಯ ಮೇಲೆ ಕೂತಿತು. ಹೆಂಡತಿ ಆಜಿಯೊಂದಿಗೆ ಚೆಂದದ ಮರಾಠಿ ಆಡಿ, ಗಂಡನ ಕಡೆ ತಿರುಗಿ ಕನ್ನಡದಲ್ಲಿ ಶುರು ಮಾಡಿದಳು.

“ರೊಟ್ಟಿ ನೋಡ್ರಿ, ಎಷ್ಟ ದಪ್ಪ ಅದ. ನಮ್ಮವ್ವನ ರೊಟ್ಟಿ ಅಂದ್ರ ಕಾಗದದ ಹಾಳಿ ಇದ್ದಂಗ ಇರ್ತಿತ್ತು.”

ಹಿಟ್ಟು ನಾದುವ ನೆವದಲ್ಲಿ ತಲೆ ಬಗ್ಗಿಸಿ ನಗು ನುಂಗಿದೆ. ಮುಂದಿನ ರೊಟ್ಟಿಯನ್ನು ಹಟಕ್ಕೆ ಬಿದ್ದು ತೆಳ್ಳಗೆ ಬಡಿದು ಅವಳ ತಟ್ಟೆಗೆ ಹಾಕಿದೆ.

“ಶೇಂಗಾ ಹಿಂಡಿ ಇದ್ದಿದ್ರ ಭಾಳ ಚಲೋ ಆಗ್ತಿತ್ತು.”

ಎದ್ದು ಕೋಣೆಗೆ ಹೋಗಿ ನನ್ನ ಚಟ್ನಿಪುಡಿಯ ಡಬ್ಬಿಯಿಂದ ತಂದು ಬಡಿಸಿದೆ. ಗಟ್ಟಿ ಮೊಸರು ಬೇಕಿತ್ತು ಎಂದಳು. ಅದೂ ಬಂತು. ಗಂಡ ತೆನೆ ತಿಕ್ಕುವುದನ್ನು ಬಿಟ್ಟು ನನ್ನನ್ನೇ ನೋಡಿದ. “ಈಕಿಗೆ ಹೆಂಗ ತಿಳೀತದ?”

ಅವಳು ಅದನ್ನೇ ಆಜಿಗೆ ಮರಾಠಿಯಲ್ಲಿ ಕೇಳಿದಳು. ಆಜಿ ಇಂಥ ಅವಕಾಶ ಬಿಟ್ಟವಳಲ್ಲ. “ನನ್ನ ಸೊಸೆಗೆ ಮಾತು ಕಡಿಮೆ. ಆದರೆ ಎದುರಿಗಿದ್ದವರ ಮನಸ್ಸು ಓದುತ್ತಾಳೆ. ತಪ್ಪಿಸಿಕೊಂಡ ಎಮ್ಮೆ ಎಲ್ಲಿದೆ ಅಂತ ಕೂತಲ್ಲೇ ಹೇಳಿದವಳು!”

ಆ ಎಮ್ಮೆ ಗೂಟ ಬಿಟ್ಟು ಕದಲಿದ್ದನ್ನು ನಾನಂತೂ ಕಂಡಿರಲಿಲ್ಲ. ಓಣಿಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೌದು ಹೌದೆಂದು ತಲೆಯಾಡಿಸಿದರು.

ಆಟ ಕೈ ಮೀರಿದ್ದು ಆಗ. ಆ ಹೆಂಗಸು ನನ್ನ ಪಕ್ಕಕ್ಕೇ ಬಂದು ಕೂತು, ಕಣ್ಣು ಮುಚ್ಚಿ, ಕೈ ಮುಗಿದು ಪಿಸುಗುಟ್ಟಿದಳು. “ತಾಯಿ, ಬೆಳಗಾವಿ ಬಿಟ್ಟು ಬಂದು ಆರು ತಿಂಗಳಾತು. ನಮ್ಮ ಬಿಲ್ಡಿಂಗಿನ್ಯಾಗ ಒಬ್ಬರೂ ಬಾಗ್ಲಾ ತಗದು ಮಾತಾಡ್ಸೂದಿಲ್ಲ. ನನಗ ಒಬ್ಬಾಕಿ ಗೆಳತಿ ಸಿಗ್ತಾಳೇನು?”

ನನಗೆ ಮೋಸ ಮುಂದುವರಿಸಲು ಮನಸ್ಸಿಲ್ಲ, ನಿಜ ಹೇಳಲು ಧೈರ್ಯವಿಲ್ಲ. ಆ ಗೊಂದಲದಲ್ಲಿ ಕಾದ ರೊಟ್ಟಿ ಹಂಚಿಗೇ ಕೈ ಇಟ್ಟೆ.

“ಅಯ್ಯಯ್ಯವ್ವಾ, ಸತ್ತೆ!”

ಅವಳು ಕಣ್ಣು ಬಿಟ್ಟಳು. “ಏನಂದ್ರಿ?”

“ಕೈ ಸುಟ್ಟಿತ್ರಿ. ನಾ ಧಾರವಾಡದಾಕಿ.”

“ಮತ್ತ... ರೊಟ್ಟಿ ದಪ್ಪ ಅಂದದ್ದು?”

“ಕೇಳಿಸ್ತ್ರಿ.”

ಅವಳ ಮುಖ ಕೆಂಪಾಯಿತು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈ ಹಿಡಿದು ಬೆರಳಿಗೆ ತಣ್ಣೀರು ಸುರಿಯುತ್ತ, “ದಪ್ಪ ಇದ್ದದ್ದಂತೂ ಖರೇನ ಬಿಡ್ರಿ” ಎಂದಳು. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

ಆಜಿ ಮಾತ್ರ ಎರಡು ದಿನ ಮುನಿಸಿಕೊಂಡಿದ್ದಳು. ಬೋರು ಎಲ್ಲಿ ಕೊರೆಸಬೇಕೆಂದು ನನ್ನಿಂದ ಭವಿಷ್ಯ ಹೇಳಿಸುವುದಾಗಿ ಪಕ್ಕದ ಹೊಲದವನಿಗೆ ಆಗಲೇ ಮಾತು ಕೊಟ್ಟಿದ್ದಳಂತೆ.

ಈಗ ಬೆಳಗಾವಿಯವಳು ಹಂಗಾಮಿನ ಪ್ರತಿ ರವಿವಾರ ಬರುತ್ತಾಳೆ. ಕಚ್ಚೆ ಸೀರೆ ಉಟ್ಟು ಎರಡನೆಯ ಒಲೆಯ ಮುಂದೆ ಕೂರುತ್ತಾಳೆ. ಆಜಿಯ ನಿಜವಾದ ಸೊಸೆ ತವರಿನಿಂದ ಬಂದವಳು ಒಲೆಯ ಕಡೆ ಮತ್ತೆ ಸುಳಿಯಲೇ ಇಲ್ಲ. ನಮ್ಮಿಬ್ಬರನ್ನೂ ಆಜಿ ಹಿರಿ ಸೊಸೆ, ಕಿರಿ ಸೊಸೆ ಎಂದೇ ಪರಿಚಯಿಸುತ್ತಾಳೆ. ಮೊನ್ನೆ ಪುಣೆಯ ನಿಗಡಿಯಿಂದ ಬಂದಿದ್ದ ಅಜ್ಜರೊಬ್ಬರು ನಮ್ಮ ಅನ್ಯೋನ್ಯ ಕಂಡು ಬೆರಗಾಗಿ, ತಮ್ಮ ಸೊಸೆಯರನ್ನೂ ಒಂದು ವಾರ ಇಲ್ಲಿ ಬಿಟ್ಟು ಹೋಗಬಹುದೇ ಎಂದು ಆಜಿಯನ್ನು ಕೇಳಿದರು.